ಬೆಳಗಾದರೆ ಗುರುವಾರ

ವಿಶಾಖಪಟ್ಟಣ
೧೧ ಜನವರಿ ೨೦೨೬

ಚಿ. ತುಳಸಿಗೆ ಅಣ್ಣ ಭೀಮಸೇನನ ಆಶೀರ್ವಾದಗಳು.

ಈ ತಿಂಗಳ ಪತ್ರ ಹತ್ತು ದಿನ ತಡ. ಅಪ್ಪ ಇದ್ದಿದ್ದರೆ ಮೂಲೆಯಲ್ಲಿ ಕೆಂಪು ಶಾಯಿಯಿಂದ ‘ವಿಳಂಬ’ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು. ತೆಲುಗು ಶಾಲೆಗೆ ಹೋಗುವ ಮಕ್ಕಳು ಕನ್ನಡ ಮರೆತಾರೆಂದು ಗದಗಿನ ಅಜ್ಜನಿಗೆ ತಿಂಗಳಿಗೊಂದು ಪತ್ರ ಬರೆಸುತ್ತಿದ್ದರಲ್ಲ, ಅಜ್ಜ ಹೋದರು, ಅಪ್ಪ ಹೋದರು, ನಮ್ಮಿಬ್ಬರ ಅಭ್ಯಾಸ ಮಾತ್ರ ಹೋಗಲಿಲ್ಲ. ನನ್ನ ಕಿವಿಗಳು ಮುಕ್ಕಾಲು ರಾಜೀನಾಮೆ ಕೊಟ್ಟ ಮೇಲಂತೂ ಬೇರೆ ದಾರಿಯೂ ಇಲ್ಲ. ನೀನು ಫೋನಿನಲ್ಲಿ ಕೂಗಿದ್ದು ನಿಮ್ಮ ಭವಾನಿಪುರಂಗೆಲ್ಲ ಕೇಳುತ್ತದೆ, ನನಗೊಬ್ಬನಿಗೆ ಕೇಳುವುದಿಲ್ಲ.

ಈಗ ಮುಖ್ಯ ವಿಷಯ. ಹೋದ ವರ್ಷ ನಿನ್ನನ್ನು ಹೈದರಾಬಾದಿಗೆ ಎಳೆದುಕೊಂಡು ಹೋಗಿ ಅಮೆರಿಕದ ವೀಸಾ ಮಾಡಿಸಿದಾಗ ‘ಯಾಕೋ, ಯಾರಿದ್ದಾರೋ ಅಲ್ಲಿ ನಮಗೆ?’ ಎಂದು ಕೇಳಿದೆ. ಯಾರೂ ಇಲ್ಲ. ಹಡಗಿದೆ. ಜೂನ್ ೨೦, ಶನಿವಾರ, ಕೆನಡಾದ ವ್ಯಾಂಕೂವರಿನಿಂದ ಹೊರಟು ಏಳು ದಿನ ಅಲಾಸ್ಕಾದ ಹಿಮದ ಗುಡ್ಡಗಳ ನಡುವೆ ಸಾಗಿ ಸೀವರ್ಡ್ ಎಂಬ ಬಂದರಿನಲ್ಲಿ ನಮ್ಮನ್ನು ಇಳಿಸುತ್ತದೆ. ಇಬ್ಬರಿಗೂ ಜಾಗ ಕಾದಿರಿಸಿಯಾಯಿತು. ನಿನ್ನ ಅತ್ತಿಗೆ ಲಕ್ಷ್ಮಿಗೆ ಡಾಲ್ಫಿನ್ ನೋಸ್ ಗುಡ್ಡದ ಮೇಲೆ ನಿಂತು ಸಮುದ್ರ ನೋಡಿದರೇ ವಾಂತಿ ಬರುತ್ತದೆ. ‘ನೀವು ಅಣ್ಣತಂಗಿ ಹೋಗಿಬನ್ನಿ, ನನಗೆ ಆ ಏಳು ದಿನ ಮನೇಲಿ ನಿಶ್ಶಬ್ದ ಸಿಗುತ್ತೆ ಕದಾ’ ಎಂದು ತೆಲುಗು ಬೆರೆಸಿ ಹೇಳಿದಳು.

ನೆನಪಿದೆಯೇ, ಆಗ ನಿನಗೆ ಎಂಟು ವರ್ಷ, ನನಗೆ ಹದಿಮೂರು. ಕೃಷ್ಣೆಯ ನಡುಗಡ್ಡೆಗೆ ಹೋಗುವ ದೋಣಿ ಅಲುಗಾಡಿತೆಂದು ನೀನು ಅತ್ತೆ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಅಪ್ಪನ ಬ್ಯಾಂಕಿನ ಕ್ಯಾಲೆಂಡರ್ ಇತ್ತು, ಹಿಮದ ಬೆಟ್ಟ, ಅದರ ಮುಂದೆ ಬಿಳಿ ಹಡಗು. ಅದು ಅಲುಗಾಡುವುದಿಲ್ಲ, ಅದರಲ್ಲಿ ನಿನ್ನನ್ನು ಕರೆದೊಯ್ಯುತ್ತೇನೆ ಎಂದು ಹೇಳಿ ಸುಮ್ಮನಾಗಿಸಿದ್ದೆ. ಆಮೇಲೆ ಮೂವತ್ತೇಳು ವರ್ಷ ಈ ಬಂದರಿನಲ್ಲಿ ಕೂತು ಊರೂರಿನ ಹಡಗುಗಳಿಗೆ ನಿಲ್ಲುವ ಜಾಗ ಹಂಚಿದೆ. ಒಂದೇ ಒಂದು ಹಡಗೂ ನನಗೆ ಜಾಗ ಕೊಡಲಿಲ್ಲ.

ವ್ಯಾಂಕೂವರನ್ನು ಮೂರು ದಿನ ಮೊದಲೇ ಮುಟ್ಟಬೇಕು. ಹಡಗು ಯಾರಿಗೂ ಕಾಯುವುದಿಲ್ಲ.

ನಿನ್ನ ಅಣ್ಣ,
ಭೀಮಸೇನ


ಭವಾನಿಪುರಂ, ವಿಜಯವಾಡ
೧೯ ಜನವರಿ ೨೦೨೬

ತೀರ್ಥರೂಪ ಸಮಾನನಾದ, ಆದರೆ ಬುದ್ಧಿಯಲ್ಲಿ ಇನ್ನೂ ಹದಿಮೂರರಲ್ಲೇ ಇರುವ ಅಣ್ಣನಿಗೆ ತುಳಸಿಯ ನಮಸ್ಕಾರಗಳು.

ಪತ್ರವನ್ನು ಎರಡು ಸಲ ಓದಿದೆ. ಮೂರನೇ ಸಲ ಮಹಡಿಯಲ್ಲಿ ಬಾಡಿಗೆಗಿರುವ ಅನುವನ್ನು ಕರೆದು ಓದಿಸಿದೆ. ಆಕೆ ದಾವಣಗೆರೆಯ ಹುಡುಗಿ, ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ‘ಆಂಟಿ, ಅಲಾಸ್ಕಾ ಅಂದ್ರೆ ಅಲ್ಲಿ ಕರಡಿ ಇರ್ತಾವೆ ಕಣ್ರೀ’ ಎಂದಳು. ಇಪ್ಪತ್ತೊಂಬತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳಿಗೆ ಕರಡಿ ಯಾವ ಲೆಕ್ಕ ಎಂದೆ.

ಅಣ್ಣಾ, ಆ ಕ್ಯಾಲೆಂಡರು ನಿನಗೆ ನೆನಪಿದೆಯೆಂದು ನನಗೆ ಗೊತ್ತಿರಲಿಲ್ಲ. ವರ್ಷ ಮುಗಿದ ಮೇಲೂ ಅಮ್ಮ ಅದನ್ನು ತೆಗೆಯಲಿಲ್ಲ, ಹಾಲಿನವನ ಲೆಕ್ಕ ಅದರ ಹಿಂದೆ ಬರೆಯುತ್ತಿದ್ದಳು. ಒಗ್ಗರಣೆಯ ಹೊಗೆ ಹಿಡಿದು ಹಿಮವೆಲ್ಲ ಬೇಳೆಯ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣದ ಹಿಮವೇ ಇದ್ದೀತು ಎಂದುಕೊಂಡು ನಾನು ಬರುತ್ತೇನೆ. ನೂರು ಸಲ ಬರುತ್ತೇನೆ. ಗುರುದತ್ತರು ನನ್ನನ್ನು ಒಂಟಿ ಮಾಡಿ ಹೋದ ಮೇಲೆ ಈ ಆರು ವರ್ಷದಲ್ಲಿ, ನೀನು ಹೈದರಾಬಾದಿಗೆ ಎಳೆದೊಯ್ದದ್ದು ಬಿಟ್ಟರೆ, ನಾನು ಅತಿ ದೂರ ಹೋದದ್ದೆಂದರೆ ಇಬ್ರಾಹಿಂಪಟ್ನಂಗೆ. ಅವರು ಕೆಲಸ ಮಾಡಿದ ವಿದ್ಯುತ್ ಕೇಂದ್ರದ ಚಿಮಣಿಗಳನ್ನು ಬಸ್ಸಿನಿಂದ ನೋಡಿ ವಾಪಸು ಬರುತ್ತೇನೆ, ಅಷ್ಟೆ.

ಆದರೆ ಮೂರು ದಿನ ಮೊದಲು ಹೋಗಿ ಅಲ್ಲೇನು ಮಾಡುವುದು? ಹಡಗಿಗೆ ಕಾವಲು ಕಾಯುವುದೇ? ಒಂದು ಹಡಗಿಗಾಗಿ ಮೂರು ದಿನ ಮೊದಲು ಹೊರಡುವ ಈ ಮಹಾನುಭಾವ ಒಬ್ಬಳೇ ತಂಗಿಯ ಮದುವೆಗೆ ಮಾತ್ರ ತಾಳಿ ಕಟ್ಟಿ ಹನ್ನೆರಡು ತಾಸಾದ ಮೇಲೆ ಬಂದ! ಸಿಟ್ಟಾಗಬೇಡ, ನಲವತ್ತೆರಡು ವರ್ಷದಿಂದ ಹೇಳುತ್ತಿರುವ ತಮಾಷೆ ಇದು.

ಅವಲಕ್ಕಿ, ಮೆಂತ್ಯದ ಹಿಟ್ಟು, ಶೇಂಗಾ ಚಟ್ನಿಪುಡಿ ನನ್ನ ಪಾಲಿಗಿರಲಿ. ಅತ್ತಿಗೆಗೆ ನಮಸ್ಕಾರ.

ತುಳಸಿ


ವಿಶಾಖಪಟ್ಟಣ
೨೬ ಫೆಬ್ರವರಿ ೨೦೨೬

ಚಿ. ತುಳಸಿಗೆ ಆಶೀರ್ವಾದ.

ಪ್ರಯಾಣದ ವಿವರ ತಿಳಿಸುತ್ತಿದ್ದೇನೆ. ಹೈದರಾಬಾದಿನಿಂದ ವಿಮಾನ ಜೂನ್ ೧೭, ೦೦:೪೫ಕ್ಕೆ. ನಡುವೆ ಒಂದು ಕಡೆ ವಿಮಾನ ಬದಲು. ಸೂರ್ಯನ ಬೆನ್ನು ಹತ್ತಿ ಹೋಗುವುದರಿಂದ ಅದೇ ೧೭ರ ಮಧ್ಯಾಹ್ನ ವ್ಯಾಂಕೂವರ್. ಬಂದರಿಗೆ ನಡೆದು ಹೋಗುವಷ್ಟು ಹತ್ತಿರ ಮೂರು ರಾತ್ರಿಗೆ ಹೋಟೆಲು. ಕೆನಡಾದ ವೀಸಾ ಬೇರೆ ಬೇಕು, ಏಕೆಂದರೆ ಹಡಗು ಹತ್ತುವುದು ಒಂದು ದೇಶ, ಇಳಿಯುವುದು ಇನ್ನೊಂದು. ಅರ್ಜಿ ಹಾಕಿದೆ.

ಹಡಗು ಇಳಿಯುವ ಹಿಂದಿನ ಸಂಜೆ ಪೆಟ್ಟಿಗೆಗಳನ್ನು ಕೋಣೆಯ ಬಾಗಿಲ ಹೊರಗೆ ಇಡಬೇಕು, ಅವರೇ ಒಯ್ಯುತ್ತಾರೆ. ಮರುದಿನದ ಬಟ್ಟೆಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳದಿದ್ದರೆ ಮಲಗಿದ ಬಟ್ಟೆಯಲ್ಲೇ ಅಮೆರಿಕದಲ್ಲಿ ಇಳಿಯಬೇಕಾಗುತ್ತದೆ. ಸೀವರ್ಡಿನಿಂದ ಆಂಕರೇಜ್ ಊರಿಗೆ ರೈಲು. ಅಲ್ಲಿ ಎರಡು ರಾತ್ರಿ. ಆಮೇಲೆ ವಿಮಾನ.

ವಿಮಾನದ ಕಾಗದಗಳ ಪ್ರತಿ ಇದರೊಂದಿಗಿದೆ.

ಭೀಮಸೇನ


ಭವಾನಿಪುರಂ
೫ ಮಾರ್ಚ್ ೨೦೨೬

ಅಣ್ಣನಿಗೆ ನಮಸ್ಕಾರ.

ನಿನ್ನ ಪತ್ರ ಬಂತು. ಪತ್ರವೋ ಬಂದರಿನ ಸುತ್ತೋಲೆಯೋ ತಿಳಿಯಲಿಲ್ಲ. ಐದು ವಾರ ಕಾದದ್ದು ಇದಕ್ಕಾಗಿಯೇ? ಅತ್ತಿಗೆಯ ಆರೋಗ್ಯದ ಮಾತಿಲ್ಲ, ನನ್ನ ಮಂಡಿನೋವು ಹೇಗಿದೆ ಎಂದು ಒಂದಕ್ಷರವಿಲ್ಲ. ಖರ್ಚು ಜಾಸ್ತಿಯಾಯಿತೆಂದು ಅತ್ತಿಗೆ ಬೇಸರಪಟ್ಟರೇ? ಹಾಗಿದ್ದರೆ ಬಿಚ್ಚಿ ಹೇಳು, ನಾನು ಬರುವುದಿಲ್ಲ, ನೀನೊಬ್ಬನೇ ಹೋಗಿ ಬಾ.

ಇಲ್ಲಾ, ನನ್ನ ಹಳೆಯ ತಮಾಷೆ ಈ ಸಲ ಚುಚ್ಚಿತೇ? ಹಾಗಾದರೆ ನಾನೂ ಒಂದು ನಿಜ ಹೇಳಿಬಿಡುತ್ತೇನೆ, ಈ ವಯಸ್ಸಿನಲ್ಲಿ ಮುಚ್ಚಿಟ್ಟುಕೊಂಡು ಎಲ್ಲಿಗೆ ಒಯ್ಯಲಿ? ಅದು ನನಗೆ ಯಾವತ್ತೂ ತಮಾಷೆಯಾಗಿರಲಿಲ್ಲ.

ಹೋಮದ ಮುಂದೆ ನಿಂತು ಬೊಗಸೆ ಒಡ್ಡಿದ್ದೆ. ‘ಮದುಮಗಳ ಅಣ್ಣ ಎಲ್ಲಿ? ಅರಳು ಹಾಕಬೇಕು’ ಎಂದರು ಪುರೋಹಿತರು. ಎಲ್ಲರೂ ಬಾಗಿಲ ಕಡೆ ನೋಡಿದರು. ನಾನೂ ತಲೆಯೆತ್ತಿ ನೋಡಿದೆ, ಮದುಮಗಳು ಹಾಗೆ ನೋಡಬಾರದೆಂದು ಯಾರೋ ಗದರಿದರು. ಕಡೆಗೆ ಚಿಕ್ಕಪ್ಪನ ಮಗನನ್ನು ಎಬ್ಬಿಸಿ ತಂದು ನಿಲ್ಲಿಸಿದರು. ಅವನಿಗೆ ಒಂಬತ್ತು ವರ್ಷ, ನಿದ್ದೆಗಣ್ಣಲ್ಲಿ ಅರಳನ್ನು ಅರ್ಧ ನನ್ನ ಕೈಗೆ, ಅರ್ಧ ನೆಲಕ್ಕೆ ಸುರಿದ. ಒಡಹುಟ್ಟಿದವನ ಕೈಯಿಂದ ಬೀಳಬೇಕಾದ ಅರಳು ಅದು. ಅದನ್ನು ಅಗ್ನಿಗೆ ಹಾಕುವಾಗ ನನ್ನ ಅಣ್ಣನಿಗೆ ನನಗಿಂತ ಹಡಗು ಹೆಚ್ಚಾಯಿತು ಎಂದುಕೊಂಡೆ. ಹಾಗೆಂದು ಅಪ್ಪನೂ ಸಾಯುವ ತನಕ ಹೇಳಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ, ನೀನು ಈಗ ಹಡಗನ್ನೇ ಕೊಡುತ್ತಿದ್ದೀಯ.

ಬರೆದಾಯಿತು. ಹರಿದು ಹಾಕಬೇಕೆನ್ನಿಸುತ್ತಿದೆ, ಹರಿಯುವುದಿಲ್ಲ.

ಹೈದರಾಬಾದಿನ ತನಕದ ರೈಲಿನ ಟಿಕೇಟು ನನಗೆ ಬಿಡು. ಎಲ್ಲವನ್ನೂ ನೀನೇ ಮಾಡಬೇಡ.

ತುಳಸಿ


ವಿಶಾಖಪಟ್ಟಣ
೨ ಏಪ್ರಿಲ್ ೨೦೨೬

ಚಿ. ತುಳಸಿಗೆ ಅಣ್ಣನ ಆಶೀರ್ವಾದಗಳು.

ಲಕ್ಷ್ಮಿಗೆ ಯಾವ ಬೇಸರವೂ ಇಲ್ಲ. ನಿನಗೆಂದು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ. ಎರಡರಲ್ಲಿ ಒಂದು ಉದ್ದ ಬಂದಿದೆ, ನೀನು ಅದನ್ನು ಹೇಳಬೇಡ. ಕೆನಡಾದ ವೀಸಾ ಬಂತು.

ಮದುವೆಯ ಮಾತು ಬಿಡು. ಹಡಗು ಬಂದಿತ್ತು, ಅದು ನಿಜ. ರಸಗೊಬ್ಬರದ ಹಡಗು. ಬುಧವಾರದ ತನಕ ನನಗೆ ರಜೆ ಇರಲಿಲ್ಲ, ಅದೂ ನಿಜ. ಇನ್ನು ಹೇಳುವುದಕ್ಕೇನೂ ಇಲ್ಲ.

ನಿನ್ನೆ ಸಂಜೆ ಬಂದರಿನ ಕಡೆ ನಡೆದು ಹೋಗಿದ್ದೆ. ಒಂದು ಹಡಗನ್ನು ಟಗ್ಗು ದೋಣಿಗಳು ಎಳೆದುಕೊಂಡು ಒಳಗೆ ತರುತ್ತಿದ್ದವು. ನಮ್ಮ ಹಡಗೂ ಹೀಗೆಯೇ ನಿಧಾನವಾಗಿ ದಡ ಬಿಡುತ್ತದೆ, ಆಗ ನಾವಿಬ್ಬರೂ ಮೇಲೆ ಕಟಕಟೆ ಹಿಡಿದು ನಿಂತಿರುತ್ತೇವೆ ಎಂದುಕೊಂಡೆ. ಎಪ್ಪತ್ತು ವರ್ಷದ ಮುದುಕ ರಸ್ತೆಯಲ್ಲಿ ಒಬ್ಬನೇ ನಗುವುದನ್ನು ನೋಡಿ ಗೇಟಿನ ಕಾವಲುಗಾರ ಕಿವಿಯ ಹತ್ತಿರ ಬಂದು ‘ಏಂ ಸಾರ್, ಬಾಗುನ್ನಾರಾ?’ ಎಂದು ಕೂಗಿದ. ಚೆನ್ನಾಗಿದ್ದೇನೆ ಎಂದೆ. ನಿಜವಾಗಿಯೂ ಚೆನ್ನಾಗಿದ್ದೇನೆ.

ರೈಲಿನ ಕೆಲಸ ನಿನಗೇ ಇರಲಿ. ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯಾ?

ಭೀಮಸೇನ


ಭವಾನಿಪುರಂ
೧೯ ಏಪ್ರಿಲ್ ೨೦೨೬

ಅಣ್ಣನಿಗೆ ನಮಸ್ಕಾರಗಳು.

ನೀನು ಬಿಡು ಎಂದೆ, ಬಿಟ್ಟೆ. ಬಿಟ್ಟಂತೆ ನಟಿಸುವುದಾದರೂ ನನಗೆ ಬರುತ್ತದೆ.

ಈಗ ನನ್ನ ಪ್ರತಾಪ ಕೇಳು. ಅರವತ್ತು ದಿನ ಮೊದಲು ಬುಕಿಂಗ್ ತೆರೆಯುತ್ತದೆಂದು ನಿನ್ನೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೂತೆ. ಅನು ರಜೆಗೆಂದು ಊರಿಗೆ ಹೋಗಿದ್ದಾಳೆ, ಆದ್ದರಿಂದ ಯಾರ ಸಹಾಯವೂ ಇಲ್ಲದೆ ನಾನೇ ಮೊಬೈಲಿನಲ್ಲಿ ಟಿಕೇಟು ತೆಗೆದೆ. ಜೂನ್ ೧೭, ಬುಧವಾರ, ಬೆಳಗಿನ ರೈಲು. ನೀನು ವಿಶಾಖಪಟ್ಟಣದಲ್ಲಿ ಹತ್ತು, ನಾನು ನಾಲ್ಕು ತಾಸಿನ ಮೇಲೆ ವಿಜಯವಾಡದಲ್ಲಿ ಹತ್ತುತ್ತೇನೆ. ನನ್ನ ಸೀಟು ನಿನ್ನ ಪಕ್ಕದಲ್ಲೇ, ಕಿಟಕಿಯ ಬದಿ ನನ್ನದು, ಜಗಳವಿಲ್ಲ. ಮಧ್ಯಾಹ್ನ ಸಿಕಂದರಾಬಾದು. ಸಂಜೆ ಊಟ ಮಾಡಿ, ಸ್ವಲ್ಪ ಒರಗಿ, ಆರಾಮವಾಗಿ ವಿಮಾನ ನಿಲ್ದಾಣಕ್ಕೆ. ಅದೇ ರಾತ್ರಿ ಹನ್ನೆರಡೂ ಮುಕ್ಕಾಲಿಗೆ ವಿಮಾನ. ಇಷ್ಟು ಅಚ್ಚುಕಟ್ಟು ನಿಮ್ಮ ಬಂದರಿನಲ್ಲೂ ಇದ್ದಿರಲಾರದು.

ಕೈಬುತ್ತಿಗೆ ಮೊಸರನ್ನ, ಹುಳಿಯವಲಕ್ಕಿ. ಅಪ್ಪನ ಜೊತೆ ಗದಗಿಗೆ ಹೋಗುವಾಗ ಗುಂಟೂರು ದಾಟುವ ಮೊದಲೇ ನೀನು ಬುತ್ತಿ ಬಿಚ್ಚಿಸುತ್ತಿದ್ದೆ. ಈ ಸಲ ಖಮ್ಮಂ ತನಕ ತಡೆದುಕೋ.

ಟಿಕೇಟಿನ ಪ್ರತಿ ಇಟ್ಟಿದ್ದೇನೆ.

ತುಳಸಿ


ವಿಶಾಖಪಟ್ಟಣ
೨೩ ಏಪ್ರಿಲ್ ೨೦೨೬
ಸ್ಪೀಡ್ ಪೋಸ್ಟ್

ತುಳಸೀ,

ಲಕ್ಷ್ಮಿ ಫೋನ್ ಮಾಡಿ ‘ಟಿಕೇಟು ಕ್ಯಾನ್ಸಲ್ ಮಾಡಬೇಕಂತೆ, ನಿಮ್ಮಣ್ಣ ಬೆವರುತ್ತಾ ಕೂತಿದ್ದಾರೆ’ ಎಂದು ಹೇಳಿರುತ್ತಾಳೆ. ಗಾಬರಿಯಾಗಬೇಡ. ಕಾರಣ ಇದು.

ವಿಮಾನ ಹೊರಡುವುದು ಹದಿನೇಳನೆಯ ತಾರೀಖು ಶುರುವಾಗಿ ಮುಕ್ಕಾಲು ತಾಸಿಗೆ. ಅಂದರೆ ನಾವು ವಿಮಾನ ನಿಲ್ದಾಣದಲ್ಲಿ ಇರಬೇಕಾದದ್ದು ಹದಿನಾರು, ಮಂಗಳವಾರದ ರಾತ್ರಿ. ಬುಧವಾರ ಬೆಳಿಗ್ಗೆ ನೀನು ಬುತ್ತಿ ಹಿಡಿದು ವಿಜಯವಾಡ ಸ್ಟೇಷನ್ನಿಗೆ ಬರುವ ಹೊತ್ತಿಗೆ ಆ ವಿಮಾನ ಸಮುದ್ರ ದಾಟಿರುತ್ತದೆ. ನಮ್ಮ ಮನೆಗಳಲ್ಲಿ ಬೆಳಕು ಹರಿಯುವ ತನಕ ಹಿಂದಿನ ದಿನವೇ. ವಿಮಾನದವರಿಗೆ, ರೈಲಿನವರಿಗೆ ಹಾಗಲ್ಲ. ಮಧ್ಯರಾತ್ರಿಗೆ ವಾರ ಬದಲಾಗುತ್ತದೆ.

ಬುಧವಾರದ ಟಿಕೇಟು ರದ್ದು ಮಾಡು. ನಾನು ಸೋಮವಾರ, ಹದಿನೈದಕ್ಕೆ ಇಬ್ಬರಿಗೂ ತೆಗೆದಿದ್ದೇನೆ, ಕಿಟಕಿ ನಿನಗೇ. ಒಂದು ದಿನ ಹೈದರಾಬಾದಿನಲ್ಲಿ ಸುಮ್ಮನೆ ಕೂತರೂ ಚಿಂತೆಯಿಲ್ಲ.

ನಿನ್ನ ಪತ್ರ ಓದಿದವನು ಹೊಸ ಟಿಕೇಟಿನ ತಾರೀಖನ್ನು ಮೂರು ಸಲ ನೋಡಿದೆ. ಮತ್ತೊಮ್ಮೆ ಹಾಗಾಗಲು ನಾನು ಬಿಡುವುದಿಲ್ಲ.

ಭೀಮಸೇನ


ಭವಾನಿಪುರಂ
೨ ಮೇ ೨೦೨೬

ಅಣ್ಣಾ,

ಟಿಕೇಟು ರದ್ದು ಮಾಡಿದೆ. ಡ್ರಾಫ್ಟುಗಳ ಮೇಲೆ ಜೀವಮಾನವೆಲ್ಲ ತಾರೀಖು ಬರೆದವಳು ಇಂಥ ತಪ್ಪು ಮಾಡಿದೆನಲ್ಲ ಎಂದು ಮೊದಲು ನಗು ಬಂತು. ಆಮೇಲೆ ನಿನ್ನ ಕಡೆಯ ಸಾಲು ಕಣ್ಣಿಗೆ ಬಿತ್ತು. ‘ಮತ್ತೊಮ್ಮೆ’ ಎಂದರೇನು? ಇದು ನನ್ನ ಮೊದಲ ವಿಮಾನ ಪ್ರಯಾಣ. ಮೊದಲು ಯಾವಾಗ ಹಾಗಾಗಿತ್ತು?

ಎರಡು ದಿನ ಅದನ್ನೇ ಯೋಚಿಸಿದೆ. ಮೂರನೆಯ ದಿನ ಅಟ್ಟದಿಂದ ಟ್ರಂಕು ಇಳಿಸಿ ನನ್ನ ಲಗ್ನಪತ್ರಿಕೆ ಹುಡುಕಿದೆ. ಮುಹೂರ್ತ ಇಟ್ಟವರು ಗುರುದತ್ತರ ಕಡೆಯ ತೆಲುಗು ಪುರೋಹಿತರು, ಈ ಸೀಮೆಯವರ ಕ್ರಮದಂತೆ ಬೆಳಗಿನ ಜಾವದ ಲಗ್ನ. ಅವರು ಹೇಳಿದ ಹಾಗೆಯೇ ಅಚ್ಚಾಗಿದೆ: ‘ಬುಧವಾರ ರಾತ್ರಿ ಮೂರು ಗಂಟೆ ಐದು ನಿಮಿಷ, ತೆಲ್ಲವಾರಿತೇ ಗುರುವಾರ.’ ಬೆಳಗಾದರೆ ಗುರುವಾರ.

ನಿನಗೆ ಈ ಪತ್ರಿಕೆ ಬಂದಿರಲಿಲ್ಲ. ‘ಮನೀ ಮಗಗ ಯಾಕ ಪತ್ರಿಕಾ? ನೀನs ಒಂದು ಪತ್ರ ಬರಿ’ ಎಂದರು ಅಪ್ಪ. ಮಧ್ಯಾಹ್ನದ ಊಟವಾದ ಮೇಲೆ ಹಜಾರದಲ್ಲಿ ಕೂತು ನಾನೇ ಬರೆದೆ. ಬ್ಯಾಂಕಿಗೆ ಸೇರಿ ಆಗಿನ್ನೂ ಎಂಟು ತಿಂಗಳು, ತಾರೀಖಿನ ಜಂಬ ತಲೆಗೇರಿತ್ತು. ರಾತ್ರಿ ಮೂರು ಗಂಟೆಗೆ ಬುಧವಾರವೆಲ್ಲಿರುತ್ತದೆ, ಅದಾಗಲೇ ಗುರುವಾರವಲ್ಲವೇ, ಈ ಪುರೋಹಿತರಿಗೆ ತಿಳಿಯುವುದಿಲ್ಲ ಎಂದುಕೊಂಡದ್ದು ಈಗ ಸ್ಪಷ್ಟವಾಗಿ ನೆನಪಾಗುತ್ತಿದೆ. ವಾರವನ್ನು ತಿದ್ದಿದೆ. ‘ರಾತ್ರಿ’ಯನ್ನು ಹಾಗೆಯೇ ಬಿಟ್ಟೆ.

ಗುರುವಾರ ರಾತ್ರಿ ಮೂರು ಗಂಟೆ ಎಂದು ಬರೆದೆನೇ, ಅಣ್ಣಾ? ನೀನು ಅದನ್ನು ಬೆಳಗಾದರೆ ಶುಕ್ರವಾರ ಎಂದು ಓದಿದೆಯಾ? ನೀನು ಗುರುವಾರ ಮಧ್ಯಾಹ್ನ ಬಂದದ್ದು ತಡವಾಗಿ ಅಲ್ಲ, ಹನ್ನೆರಡು ತಾಸು ಮೊದಲೇ ಬಂದೆನೆಂದುಕೊಂಡೇ ಅಲ್ಲವೇ?

ಆ ಪತ್ರ ನಿನ್ನ ಬಳಿ ಇದೆಯೆಂದು ನನಗೆ ಗೊತ್ತು. ನೀನು ಯಾವ ಪತ್ರವನ್ನು ಎಸೆದಿದ್ದೀಯ? ಕಳಿಸು. ಸುಳ್ಳು ಹೇಳಬೇಡ.

ನಲವತ್ತೆರಡು ವರ್ಷ ಹಬ್ಬ ಹುಣ್ಣಿಮೆ ಬಿಡದೆ ಎಲ್ಲರೆದುರು ನಿನ್ನನ್ನು ಆಡಿಕೊಂಡೆನಲ್ಲ. ನನ್ನ ಬಾಯಿಗೆ ಮಣ್ಣು ಬೀಳಲಿ.

ತುಳಸಿ


ವಿಶಾಖಪಟ್ಟಣ
೯ ಮೇ ೨೦೨೬

ಚಿ. ತುಳಸಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಬಾಯಿಗೆ ಮಣ್ಣು ಬೇಡ, ಹೋಳಿಗೆ ಬೀಳಲಿ. ಇಷ್ಟಕ್ಕೆಲ್ಲ ಅಳುತ್ತಾ ಕೂತರೆ ಮಂಡಿಯ ಜೊತೆ ತಲೆಯೂ ನೋಯುತ್ತದೆ.

ಕೇಳಿದ್ದೀಯ, ಹೇಳುತ್ತೇನೆ. ಗುರುವಾರ ಮಧ್ಯಾಹ್ನ ಮೂರಕ್ಕೆ ರೈಲಿಳಿದೆ. ಸ್ಟೇಷನ್ನಿನ ಎದುರು ನಿನಗೆಂದು ಮಲ್ಲಿಗೆಯ ದಂಡೆ ಕೊಂಡೆ. ಛತ್ರಕ್ಕೆ ಬಂದರೆ ಬಾಗಿಲಿನ ಬಾಳೆಕಂಬ ಬಿಚ್ಚುತ್ತಿದ್ದರು. ಬೆಳಿಗ್ಗೆ ಯಾರದೋ ಮದುವೆ ಆಗಿರಬೇಕು, ನಮ್ಮದಕ್ಕೆ ಹೊಸ ಕಂಬ ಕಟ್ಟುತ್ತಾರೆ ಎಂದುಕೊಂಡು ಒಳಗೆ ಹೋದೆ. ಅಪ್ಪ ಪಾತ್ರೆ ಎಣಿಸಿಕೊಳ್ಳುತ್ತಿದ್ದರು. ‘ಬಂದ್ಯೇನಪಾ ಸಾಹೇಬಾ? ಹಡಗ ಬಿಟ್ಟು ಬರಲಿಕ್ಕೆ ಮನಸ್ಸಾತೇನು?’ ಎಂದರು. ನೀನು ಅಷ್ಟು ಹೊತ್ತಿಗೆ ಇಬ್ರಾಹಿಂಪಟ್ನಂಗೆ ಹೋಗಿ ಹೊಸ್ತಿಲಿನ ಅಕ್ಕಿ ಸೇರು ಒದ್ದಾಗಿತ್ತು.

ಪತ್ರ ಅಂಗಿಯ ಜೇಬಿನಲ್ಲೇ ಇತ್ತು. ತೆಗೆಯಲು ಕೈ ಹೋಯಿತು. ತೆಗೆದಿದ್ದರೆ ಏನಾಗುತ್ತಿತ್ತು? ‘ಸೊಸಿ ತನ್ನ ಮದುವೀ ಮುಹೂರ್ತಾನs ತಪ್ಪು ಬರದಾಳ’ ಎಂದು ನಿನ್ನ ಅತ್ತೆಯ ಮನೆಯಲ್ಲಿ ಹೊಸ ಸೀರೆಯ ಮಡಿಕೆ ಬಿಚ್ಚುವ ಮೊದಲೇ ಮಾತು ಹುಟ್ಟುತ್ತಿತ್ತು. ನನಗೇನು, ಆಗಿನ್ನೂ ಒಂಟಿ ಗಂಡಸು, ಬೈಸಿಕೊಂಡು ರಾತ್ರಿಯ ರೈಲಿಗೆ ವಾಪಸು ಹೋಗುವವನು. ಹಡಗು ಬಂದಿತ್ತು ಎಂದೆ.

ಆದರೆ ಒಂದು ಮಾತು ತಿಳಿದುಕೋ. ತಪ್ಪು ಪೂರ್ತಿ ನಿನ್ನದಲ್ಲ. ರಜೆಗಾಗಿ ಸಾಹೇಬರ ಕಾಲು ಹಿಡಿದಾದರೂ ನಾನು ಒಂದು ದಿನ ಮೊದಲು ಹೊರಟಿದ್ದರೆ ಯಾವ ಪತ್ರದ ಯಾವ ತಪ್ಪೂ ನನ್ನನ್ನು ತಡೆಯುತ್ತಿರಲಿಲ್ಲ. ಒಬ್ಬಳೇ ತಂಗಿಯ ಮದುವೆಗೆ ತಾಸು ಲೆಕ್ಕ ಹಾಕಿ ಬಂದೆನಲ್ಲ, ಅದು ನನ್ನ ತಪ್ಪು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಗೊತ್ತಾಯಿತೇ, ಮೂರು ದಿನ ಮೊದಲು ಯಾಕೆಂದು?

ಪತ್ರ ಇದೆ. ಅಂಚೆಯಲ್ಲಿ ಕಳಿಸುವುದಿಲ್ಲ. ಹಡಗಿನ ಮೇಲೆ ನಿನ್ನ ಕೈಗೇ ಕೊಡುತ್ತೇನೆ. ಅದರಲ್ಲಿ ನೀನು ನೋಡಬೇಕಾದದ್ದು ಇನ್ನೊಂದಿದೆ.

ಸೋಮವಾರ, ಜೂನ್ ಹದಿನೈದು. ಬೆಳಗಿನ ರೈಲು. ಸೂರ್ಯ ನೆತ್ತಿಯ ಕಡೆ ಏರುತ್ತಿರುತ್ತಾನೆ, ವಾರದ ಬಗ್ಗೆ ಯಾವ ಅನುಮಾನವೂ ಬೇಡ. ಸಾಮಾನು ಒಬ್ಬರಿಗೆ ಇಪ್ಪತ್ತಮೂರು ಕಿಲೋ. ನೀನು ಬೇರೆ ಏನಾದರೂ ತರುವುದಿದ್ದರೆ ಮೊದಲೇ ತಿಳಿಸು, ಕೆನಡಾದ ಕಸ್ಟಮ್ಸಿನ ಫಾರಂನಲ್ಲಿ ಬರೆಯಬೇಕು.

ಭೀಮಸೇನ


ಭವಾನಿಪುರಂ
೨೦ ಮೇ ೨೦೨೬

ಅಣ್ಣನಿಗೆ ನಮಸ್ಕಾರಗಳು.

ಫಾರಂನಲ್ಲಿ ಬರೆದುಕೋ: ಭತ್ತದ ಅರಳು, ಕಾಲು ಕಿಲೋ.

ತುಳಸಿ


ಭವಾನಿಪುರಂ
೧೪ ಜುಲೈ ೨೦೨೬

ನನ್ನ ಅಣ್ಣನಿಗೆ, ತುಳಸಿ ಮಾಡುವ ಅನಂತ ನಮಸ್ಕಾರಗಳು.

ಬಂದು ಹನ್ನೆರಡು ದಿನವಾಯಿತು. ಇನ್ನೂ ನೆಲ ಅಲುಗುತ್ತಿದೆ. ಅಲುಗಾಡುವುದಿಲ್ಲ ಎಂದು ಹದಿಮೂರನೆಯ ವಯಸ್ಸಿನಲ್ಲಿ ನೀನು ಕೊಟ್ಟ ಮಾತು ಸುಳ್ಳಾಯಿತು. ಹಿಮವೂ ಬೇಳೆಯ ಬಣ್ಣದ್ದಲ್ಲ, ತಿಳಿ ನೀಲಿ. ಅಮ್ಮನ ಒಗ್ಗರಣೆ ತಾಗದಿದ್ದರೆ ನಮ್ಮ ಕ್ಯಾಲೆಂಡರೂ ಹಾಗೆಯೇ ಇರುತ್ತಿತ್ತೇನೋ.

ಅನು ದಿನವೂ ಇಳಿದು ಬಂದು ‘ಕರಡಿ ನೋಡಿದ್ರಾ ಆಂಟಿ?’ ಎನ್ನುತ್ತಾಳೆ. ದೂರದಿಂದ ಒಂದನ್ನು ನೋಡಿದೆವಲ್ಲ, ನೀನು ಅದನ್ನು ಬಂಡೆಯೆಂದೇ ವಾದಿಸಿದೆ. ಅವಳಿಗೆ ಕರಡಿಯ ವಿಷಯ ಹೇಳುತ್ತೇನೆ. ಆ ಬುಧವಾರ ಸಂಜೆಯ ವಿಷಯ ಯಾರಿಗೂ ಹೇಳಿಲ್ಲ, ಹೇಳಬೇಕೆನ್ನಿಸಿದರೆ ನಿನಗೇ ಹೇಳಬೇಕು, ನೀನಾದರೋ ಅಲ್ಲೇ ಇದ್ದೆ. ಆದರೂ ಬರೆಯುತ್ತೇನೆ. ಬರೆಯದೆ ಇದ್ದರೆ ಅದು ಆಗಲೇ ಇಲ್ಲವೇನೋ ಅನ್ನಿಸುತ್ತದೆ ನನಗೆ, ಅಪ್ಪ ಕಲಿಸಿದ ಚಟ.

ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆ, ಆಕಾಶದಲ್ಲಿ ನಮ್ಮ ಐದು ಗಂಟೆಯ ಬಿಸಿಲು. ಹಿಮದ ಗುಡ್ಡದ ಎದುರು ಹಡಗು ನಿಂತಿತ್ತು. ವಿಧವೆಯ ಬೊಗಸೆಗೆ ಅರಳು ಹಾಕುವ ಶಾಸ್ತ್ರ ಎಲ್ಲೂ ಇಲ್ಲ ಎಂದು, ತಂದ ನಾನೇ ಹಿಂಜರಿದೆ. ‘ಹಡಗದ ಮ್ಯಾಲೆ ಹಡಗದ್ದs ಶಾಸ್ತ್ರ, ಕೈ ಒಡ್ಡು’ ಎಂದೆ ನೀನು. ಒಡ್ಡಿದೆ. ನೀನು ಮೂರು ಸಲ ಹಾಕಿದೆ, ಎರಡೂ ಕೈ ತುಂಬ, ನಿಧಾನವಾಗಿ, ಒಂದು ಕಾಳೂ ಚೆಲ್ಲದ ಹಾಗೆ. ಪಕ್ಕದಲ್ಲಿ ನಿಂತಿದ್ದ ಬಿಳಿಯ ಮುದುಕಿ ನಾವು ಹಕ್ಕಿಗೆ ಕಾಳು ಹಾಕುತ್ತೇವೆಂದು ಭಾವಿಸಿ ಹಾಗೆ ಮಾಡಬಾರದೆಂದು ಬೆರಳು ತೋರಿಸಿದಳು. ನೀರಿಗೆ ಏನನ್ನೂ ಹಾಕುವುದಿಲ್ಲ ಎಂದು ನೀನು ಆಕೆಗೆ ಬಂದರಿನ ನಿಯಮಗಳನ್ನೆಲ್ಲ ವಿವರಿಸತೊಡಗಿದೆ. ನನಗೆ ಅಳುವೂ ನಗುವೂ ಒಟ್ಟಿಗೆ ಬಂದುಬಿಟ್ಟವು.

ಅಲ್ಲಿ ರಾತ್ರಿಯೇ ಸರಿಯಾಗಿ ಆಗುವುದಿಲ್ಲ, ಅಣ್ಣಾ. ಅಂಥ ಊರಿನಲ್ಲಿ ನನ್ನ ಮದುವೆಯಾಗಿದ್ದರೆ ಯಾವ ವಾರ ಎಂಬ ಗೊಂದಲವೇ ಇರುತ್ತಿರಲಿಲ್ಲ.

ಆಮೇಲೆ ನೀನು ಪತ್ರ ಕೊಟ್ಟೆ. ಅಲ್ಲಿ ಓದಿದವಳೇ ಕನ್ನಡಕ ಒರೆಸಿಕೊಂಡು ಒಳಗೆ ಹೋದೆ. ಈಗ ಹೇಳುತ್ತೇನೆ. ಅಂಚೆಗೆ ಹಾಕುವ ಮೊದಲು ಅಪ್ಪ ಅದನ್ನು ಓದಿದ್ದರು ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ನಾಲ್ಕು ಕಡೆ ಅಕ್ಷರ ತಿದ್ದಿದ್ದಾರೆ. ಕೊನೆಯಲ್ಲಿ ‘ಸರಿಯಿದೆ’ ಎಂದು ಸಹಿ. ಮತ್ತೆ ನನ್ನ ‘ಗುರುವಾರ ರಾತ್ರಿ’ಯ ಕೆಳಗೆ, ನೀನು ಮರೆಯಬಾರದೆಂದು, ಕೆಂಪು ಶಾಯಿಯಲ್ಲಿ ಎರಡು ಗೆರೆ. ತಮ್ಮ ಕೈಯಿಂದಲೇ ಆ ಎರಡು ಗೆರೆ ಎಳೆದವರು ಇಪ್ಪತ್ತು ವರ್ಷ ನಿನ್ನನ್ನು ಬೈದರು. ನೀನು ಒಮ್ಮೆಯೂ ಜೇಬಿಗೆ ಕೈ ಹಾಕಲಿಲ್ಲ. ನನ್ನೊಬ್ಬಳನ್ನೇ ಕಾಪಾಡಿದೆ ಎಂದುಕೊಂಡಿದ್ದೆ. ಅಪ್ಪನ ಕೆಂಪು ಪೆನ್ನನ್ನೂ ಕಾಪಾಡಿದೆ.

ಆ ಸಂಜೆಯ ಅರಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದೇನೆ, ಇಲ್ಲಿ ಗುರುದತ್ತರ ಫೋಟೋದ ಮುಂದೆ ಬೆಳ್ಳಿಯ ಬಟ್ಟಲಲ್ಲಿದೆ.

ಪತ್ರವನ್ನು ಮಾತ್ರ ನಿನಗೆ ವಾಪಸು ಕಳಿಸುತ್ತಿದ್ದೇನೆ. ಅನುವಿನಿಂದ ಕೆಂಪು ಪೆನ್ನು ತರಿಸಿ ತಿದ್ದಿದ್ದೇನೆ. ‘ಗುರುವಾರ ರಾತ್ರಿ’ ಹೊಡೆದುಹಾಕಿ, ಮೇಲೆ ‘ಬುಧವಾರ ರಾತ್ರಿ, ಬೆಳಗಾದರೆ ಗುರುವಾರ’ ಎಂದು ಬರೆದಿದ್ದೇನೆ. ಅದರ ಕೆಳಗೆ ಅಪ್ಪನ ಹಾಗೆಯೇ ಎರಡು ಗೆರೆ.

ರಜೆ ಸಿಗದಿದ್ದರೂ ಚಿಂತೆಯಿಲ್ಲ, ಹಡಗು ಕಾಯಲಿ. ಮದುವೆಗೆ ನೀನು ಬುಧವಾರವೇ ಬಂದುಬಿಡು, ಅಣ್ಣಾ.

ತುಳಸಿ